ರುಕ್ಮಿಣಕ್ಕನ ಜೀಪಿಗೆ ದೊಡ್ಡ ಟೈರು

"ಇದು ಯಾರಿಗಪ್ಪ ಹೀಗೆ ತಲೆ ಬಗ್ಗಿಸ್ಕೊಂಡು ನಿಂತಿರೋದು? ಎತ್ತು."

ಬನಶಂಕರಿಯ ನನ್ನ ಟೈರ್ ಅಂಗಡಿ ಮುಂದೆ ಜೀಪು ನಿಲ್ಲಿಸಿ ರುಕ್ಮಿಣಕ್ಕ ಆಡಿದ ಮೊದಲ ಮಾತು ಇದು. ಹಿಂದೆ ಎತ್ತರ, ಮುಂದೆ ತಗ್ಗಾಗಿದ್ದ ಹಳೇ ಜೀಪು. ಅಕ್ಕ ಎಷ್ಟು ಗಿಡ್ಡ ಅಂದರೆ, ಕ್ಲಚ್ ತುಳಿಯೋಕೆ ಸೀಟಿನ ತುದಿಗೆ ಬರಬೇಕು. ಪೆಟ್ರೋಲ್ ಬಂಕಿನವನೊಬ್ಬ ಒಂದು ಸಲ "ಡ್ರೈವರ್ ಎಲ್ಲಿ ಮೇಡಂ?" ಅಂದನಂತೆ. ಇವರು ಕೆಳಗಿಳಿದು ಗಾಡಿ ಅಡಿ ಬಗ್ಗಿ ನೋಡಿ, "ಇಲ್ಲೂ ಇಲ್ವಲ್ಲಪ್ಪ. ಬಾ, ನೀನೂ ಹುಡುಕು" ಅಂದರಂತೆ.

ಅದು ತೊಂಬತ್ತರ ದಶಕದ ಕೊನೆ. ಗಂಡ ತೀರಿಕೊಂಡ ಮೇಲೆ ಅಕ್ಕ ಹನುಮಂತನಗರದ ಮನೆಯಲ್ಲಿ ಅಡುಗೆ ಮಾಡಿ, ಅರೆಕೆರೆ ಕಡೆ ಏಳುತ್ತಿದ್ದ ಕಟ್ಟಡಗಳ ಕೆಲಸದವರಿಗೆ ಮಧ್ಯಾಹ್ನದ ಊಟ ಒಯ್ಯುತ್ತಿದ್ದರು. ಅಲ್ಲಿ ರಸ್ತೆ ಅಂದರೆ ಲಾರಿ ಚಕ್ರ ಕೊರೆದ ಹಳ್ಳ. ಜೀಪಿನ ಹೊಟ್ಟೆ ಮಣ್ಣಿಗೆ ಕೂತುಬಿಡುತ್ತಿತ್ತು. ಸಾರು ಚೆಲ್ಲಿ, ಊಟ ತಡವಾಗಿ ಬೈಗುಳ ಬೇರೆ. ಮೈದುನ ಇದಕ್ಕೇ ಕಾದಿದ್ದ. ಅಣ್ಣನ ಗಾಡಿ ಮಾರಿಬಿಡೋಣ, ಹೆಂಗಸರಿಗೆ ಯಾಕೆ ಈ ಉಸಾಬರಿ ಅಂತ ದಿನಾ ರಾಗ. ಜೀಪು ಹೋದರೆ ಅಕ್ಕನ ಕಸುಬೂ ಹೋದಂತೆಯೇ.

ಮುಂದಿನ ಸ್ಪ್ರಿಂಗಿಗೆ ಪ್ಲೇಟು ಸೇರಿಸಿ ಲೆವೆಲ್ ಮಾಡಿಕೊಟ್ಟೆ. ಮೂತಿ ಎದ್ದಿತು, ಆದರೆ ಮಣ್ಣಿಗೆ ತಾಗುತ್ತಿದ್ದ, ಚಕ್ರಗಳ ನಡುವಿನ ಆಕ್ಸಲ್ ಇದ್ದಲ್ಲೇ ಇತ್ತು. ಅದು ಏಳಬೇಕಾದರೆ ಟೈರೇ ದೊಡ್ಡದಾಗಬೇಕು.

"ಮಡ್‌ಗಾರ್ಡಿಗೆ ಉಜ್ಜುತ್ತೆ ಅಕ್ಕ."

"ಉಜ್ಜಿದ್ರೆ ಮಡ್‌ಗಾರ್ಡ್ ಜರುಗಲಿ. ಟೈರ್ ಯಾಕೆ ಜರುಗಬೇಕು?"

ನಾನೂ ಯಾರ ಮಾತಿಗೂ ಜರುಗಿದವನಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಇದೇ ಕೈಯಲ್ಲಿ ಅಂಗಡಿ ಕಟ್ಟಿದವನು. ಹಾಕಿಯೇಬಿಟ್ಟೆ. ಖಾಲಿ ಗಾಡಿಯಲ್ಲಿ ಒಂದು ಸುತ್ತು ಬಂದೆವು, ಎಲ್ಲೂ ಉಜ್ಜಲಿಲ್ಲ. ನನಗೆ ಹೆಮ್ಮೆ. ಅಕ್ಕ ಒಪ್ಪಲಿಲ್ಲ. "ನಾನೇನು ಖಾಲಿ ಪಾತ್ರೆ ಸಾಗಿಸ್ತೀನಾ? ಭಾನುವಾರ ಮನೆಗೆ ಬಾ. ಲೋಡ್ ಹಾಕಿ ನೋಡೋಣ."

ಹೋದೆ. ಪಾತ್ರೆಗಳಿಗೆ ನೀರು ತುಂಬಿಸಿ ಇಟ್ಟಿದ್ದರು. ಅದು ಸಾಲದು ಅಂತ ಅತ್ತೆಯನ್ನು ಮುಂದೆ ಕೂರಿಸಿದರು. ಮೈದುನನನ್ನೂ ಅವನ ಹೆಂಡತಿಯನ್ನೂ ಹಿಂದಿನ ಸೀಟಿಗೆ ಹತ್ತಿಸಿದರು. ಮೈದುನ ಒಳ್ಳೇ ಭಾರದ ಆಳು. "ಗಾಡಿ ಮಾರ್ಬೇಕು ಅಂತೀಯಲ್ಲ, ಕೂತು ನೋಡಿ ಮಾರು" ಅಂದರು.

ತಿರುವಿನಲ್ಲಿ ಒಂದು ಚಕ್ರ ಮೋರಿ ಕಲ್ಲು ಹತ್ತಿತು. ಹಿಂದಿನಿಂದ ಕರ್ರ್ ಅಂತ ಸದ್ದು.

"ನೋಡಿದ್ರಾ ಅತ್ತಿಗೆ? ನಾನು ಹೇಳಿರ್ಲಿಲ್ವಾ? ಬಿಟ್ಬಿಡಿ ಇದನ್ನ" ಅಂತ ಮೈದುನ ಇಳಿಯೋಕೆ ಕಾಲು ಹೊರಗಿಟ್ಟ.

"ಕೂತ್ಕೊಳಪ್ಪ. ನೀನು ಇಳಿದ್ರೆ ಎಲ್ಲಿ ಉಜ್ಜುತ್ತೆ ಅಂತ ಗೊತ್ತಾಗೋದು ಹೇಗೆ?"

ಉಜ್ಜಿದ ಜಾಗಕ್ಕೆ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗೆರೆ ಬಿದ್ದದ್ದು ಸರಿಯಾಗಿ ಮೈದುನ ಕೂತ ಸೀಟಿನ ಕೆಳಗೆ. ಗಾಡಿಯನ್ನು ಸಮ ನೆಲಕ್ಕೆ ತಂದು ನಿಲ್ಲಿಸಿದ್ದೇ ತಡ, ಅಕ್ಕ ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಮಡ್‌ಗಾರ್ಡಿನ ಅಂಚನ್ನು ಒಳಕ್ಕೆ ಮಡಚತೊಡಗಿದರು. ಪ್ರತಿ ಏಟಿಗೂ ಮೈದುನ ಸೀಟಿನಿಂದ ಎದ್ದೆದ್ದು ಬೀಳುತ್ತಿದ್ದ. ಬೀದಿಯವರೆಲ್ಲ ಗೇಟಿಗೆ ಬಂದರು. ಮುಂದಿನ ಸೀಟಿನಲ್ಲಿದ್ದ ಅತ್ತೆ ಹೊರಗೆ ತಲೆ ಹಾಕಿ, "ಇನ್ನೊಂದು ಹೊಡಿ ರುಕ್ಮಿಣಿ, ಆ ಮೂಲೆ ಉಳ್ಕೊಂಡಿದೆ" ಅಂದರು.

ಮತ್ತೆ ಅದೇ ಕಲ್ಲು, ಅದೇ ಲೋಡು. ಈ ಸಲ ನೀರು ತುಳುಕಿದ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಅಕ್ಕ ಅಲ್ಲಿಗೇ ನಿಲ್ಲಿಸಲಿಲ್ಲ. ಹನುಮಂತನಗರದ ಗುಡ್ಡದ ಏರಿನ ಬೀದಿಗಳಲ್ಲೆಲ್ಲ ಎಲ್ಲರನ್ನೂ ಮೆರವಣಿಗೆ ಮಾಡಿಸಿಕೊಂಡೇ ಬಂದರು. ಆಮೇಲೆ ಮೈದುನ ಮಾರೋ ಮಾತು ಎತ್ತಿದ್ದನ್ನು ನಾನಂತೂ ಕೇಳಲಿಲ್ಲ.

ಎಷ್ಟೋ ವರ್ಷ ಆ ಜೀಪು ಓಡಿತು. ಅರೆಕೆರೆಗೆ ಟಾರು ಬಂತು, ಕಟ್ಟಡಗಳು ಮುಗಿದವು. ಒಂದು ಬೆಳಿಗ್ಗೆ ಅಕ್ಕ ಯಾರೋ ಕೊಳ್ಳುವವರನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು.

"ಮಾರ್ಬಿಟ್ರಾ ಅಕ್ಕ?"

"ಹೂಂ. ಮಂಡಿ ನೋವು, ಕ್ಲಚ್ ತುಳಿಯೋಕೆ ಆಗ್ತಿಲ್ಲ. ನಂಗೆ ಸಾಕು ಅನ್ನಿಸ್ತು, ಮಾರ್ದೆ."

ಕೊಂಡವನು ಟೈರನ್ನು ಒದ್ದು ನೋಡಿ, "ಇವು ಜಾಸ್ತಿ ದೊಡ್ಡದಾಯ್ತಲ್ವಾ ಮೇಡಂ? ಬಿಚ್ಚಿಸಿ ಚಿಕ್ಕದು ಹಾಕ್ಸಲಾ?" ಅಂದ. ಇವನಿಗೆ ಈಗ ಗ್ರಹಚಾರ ಬಿಡಿಸುತ್ತಾರೆ ಅಂದುಕೊಂಡೆ. ಅಕ್ಕ ಕೀ ಅವನ ಕೈಗಿಟ್ಟರು.

"ನಿಮ್ಮ ಗಾಡಿ, ನಿಮ್ಮಿಷ್ಟ. ನನ್ನನ್ನ್ಯಾಕೆ ಕೇಳ್ತೀರಿ?"

ಅಷ್ಟು ಹೇಳಿ, ಬಸ್ ಸ್ಟಾಪಿನ ಕಡೆ ನಡೆದುಬಿಟ್ಟರು. ನಾನು ಅವರನ್ನು ನೋಡಿದ್ದು ಅದೇ ಕೊನೆ.