ಅವ್ವ ಬಾಯಿಪಾಠ ಮಾಡಿದ ಅಕ್ಷರಗಳು

ಅವ್ವನ ಕಣ್ಣು ತೋರಿಸಲು ನರೋಣಾದಿಂದ ಆಳಂದದ ಕನ್ನಡಕದ ಅಂಗಡಿಗೆ ಹೋಗಿದ್ದೆವು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಅವಳಿಗೆ ಮೇಲಿನ ಎರಡು ಸಾಲು ಮಾತ್ರ ಕಂಡವು. ಗಾಜು, ಫ್ರೇಮು ಸೇರಿ ಐದು ಸಾವಿರ ಎಂದ ಅಂಗಡಿಯವನು.

“ಇಷ್ಟು ರೊಕ್ಕಕ್ಕ ಒಂದು ಆಡು ಬರ್ತದಲ್ರೀ!” ಎಂದು ರೇಗಿದೆ. ಅವ್ವ ಹೋಗಿ ಬೆಂಚಿನ ಮೇಲೆ ಕುಳಿತಳು.

ಆಮೇಲೆ ಬಂದ ಇಬ್ಬರು ಅದೇ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. ಅವರು ಮುಗಿಸಿದ್ದೇ ತಡ, ಅವ್ವ ಎದ್ದಳು. “ನಂದು ಮತ್ತೊಮ್ಮೆ ನೋಡ್ರಿ, ಆಗ ಕಣ್ಣಾಗ ನೀರಿತ್ತು” ಎಂದವಳೇ ಕೊನೆಯ ಸಾಲಿನವರೆಗೂ ಗಡಗಡ ಹೇಳಿಬಿಟ್ಟಳು. ನೂರಾರು ವಚನಗಳನ್ನು ಬರೀ ಕಿವಿಯಿಂದ ಕೇಳಿಯೇ ಬಾಯಿಪಾಠ ಮಾಡಿದವಳು ಅವಳು. ಅದು ನನಗೆ ಗೊತ್ತಿತ್ತು. ಅಂಗಡಿಯವನು ನನ್ನ ಮುಖ ನೋಡಿದ.

“ಕಣ್ಣು ಛಲೋ ಅವ. ನಡಿ ಬೇ ಅವ್ವಾ” ಎಂದೆ.

ಅವಳು ಕೊನೆಗೆ ಹೊಲಿದ ಕೌದಿಯನ್ನು ನಾನು ಈಗಲೂ ಹೊದೆಯುತ್ತೇನೆ. ಅವಳು ಹೋದ ಮೇಲೆ ನನ್ನ ಕಣ್ಣೂ ಮಂಜಾದವು. ಮೊನ್ನೆ ಅದೇ ಅಂಗಡಿಯವನಿಗೆ ಆರು ಸಾವಿರ ತುಟಿ ಬಿಚ್ಚದೆ ಕೊಟ್ಟು, ಹೊಸ ಕನ್ನಡಕ ಹಾಕಿಕೊಂಡು ಮನೆಗೆ ಬಂದೆ. ಕೌದಿಯ ಅಂಚಿನಲ್ಲಿ ಹೊಲಿಗೆ ದಾರಿ ತಪ್ಪಿ ಸೊಟ್ಟಗೆ ಹೋಗಿತ್ತು. ಅದರ ಉದ್ದಕ್ಕೂ ಇದ್ದ ಕಂದು ಚುಕ್ಕಿಗಳನ್ನು ಇಷ್ಟು ದಿನ ಬಟ್ಟೆಯ ಹೂವೆಂದುಕೊಂಡಿದ್ದೆ. ಅವು ಸೂಜಿ ಚುಚ್ಚಿದ ಅವಳ ಬೆರಳಿನ ರಕ್ತ.