ಸುಗಂಧಾಬಾಯಿ ಅಗಿದ ಚಿಕ್ಕು ಹಾಲು

ಮಹಾಗಾಂವದ ಸುಗಂಧಾಬಾಯಿ ಎಂಬತ್ತರ ಹತ್ತಿರವಿದ್ದರೂ ಬಾಯಿಗೆ ಬಿಡುವು ಕೊಟ್ಟವರಲ್ಲ. ಮೊಮ್ಮಗಳು ಪ್ರಿಯದರ್ಶನಿ ಚ್ಯೂಯಿಂಗ್ ಗಮ್ ಅಗಿಯುವುದನ್ನು ಕಂಡು, "ಏನದು, ಎಮ್ಮಿ ಹಂಗ ಮೆಲಕ ಹಾಕೂದು?" ಎಂದು ಗದರಿದರು.

"ಆಯಿ, ಇದು ಹುಟ್ಟಿದ್ದ ಚಿಕ್ಕು ಗಿಡದಾಗ. ಮೆಕ್ಸಿಕೋದ ಮಂದಿ ಅದರ ಹಾಲು ಕುದಿಸಿ ಅಗೀತಿದ್ರು. ಆಮ್ಯಾಲೆ ಅಮೇರಿಕಾದವ್ರು ಅದಕ್ಕ ಸಕ್ರಿ ಹಾಕಿ ಊರೂರಿಗೆ ಮಾರಿದ್ರು."

"ಚಿಕ್ಕು ನಮ್ಮ ಹಿತ್ತಲದಾಗೂ ಐತಲ್ಲ!"

ಸುಗಂಧಾಬಾಯಿ ಎರಡು ದಿನ ಕಾಂಡ ಗೀರಿ ಹಾಲು ಇಳಿಸಿದರು. ಮೂರನೆಯ ದಿನ ಕುದಿಸಿ, ಸಕ್ಕರೆ ಬೆರೆಸಿ ಬಾಯಿಗೆ ಹಾಕಿಕೊಂಡರು. ನಾಲ್ಕು ಸಲ ಅಗಿಯುವಷ್ಟರಲ್ಲಿ ಕಟ್ಟಿಸಿದ ಹಲ್ಲುಗಳು ಮೇಲಿನವು ಕೆಳಗಿನವಕ್ಕೆ ಅಂಟಿಕೊಂಡು ಕೂತವು, ಬಾಯಿ ತೆರೆಯಲೇ ಇಲ್ಲ.

ಅದೇ ಹೊತ್ತಿಗೆ ಪ್ರಿಯದರ್ಶನಿಯನ್ನು ನೋಡಲು ಇಚಲಕರಂಜಿಯಿಂದ ಗಂಡಿನ ಕಡೆಯವರು ಬಂದರು. ಹಿಂದಿನ ಎರಡು ಸಂಬಂಧಗಳು ಸುಗಂಧಾಬಾಯಿಯ ಪ್ರಶ್ನೆಗಳಿಗೆ ಹೆದರಿಯೇ ತಪ್ಪಿಹೋಗಿದ್ದವು. ಈ ಸಲ ಅವರು ಕೈಮುಗಿದು ತಲೆಯಾಡಿಸಿದ್ದಷ್ಟೇ.

"ನಿಮ್ಮ ಆಯಿ ಭಾಳ ಗಂಭೀರ ಅದಾರ್ರಿ," ಎಂದು ಹುಡುಗನ ತಾಯಿ ಮೆಚ್ಚಿಕೊಂಡರು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದರು, ಮದುವೆ ಗಟ್ಟಿಯಾಯಿತು.

ಸಂಜೆ ಎಣ್ಣೆ ಹಚ್ಚಿ ಹಲ್ಲು ಬಿಡಿಸಿದ ಕೂಡಲೇ ಸುಗಂಧಾಬಾಯಿ ಮನೆಮಂದಿಯ ಮೇಲೆ ಹರಿಹಾಯ್ದರು: "ಹುಡುಗ ಅಷ್ಟ ಕುಳ್ಳ ಯಾಕದಾನಂತ ನಿಮ್ಮಾಗ ಒಬ್ಬರರೆ ಕೇಳಬಾರದ?"