ಗುಡ್ಡ ಹೊಡೆದವನು

ಯಂಕಪ್ಪನ ಮೊಬೈಲನ್ನು ಕಲ್ಲಿನಿಂದ ಜಜ್ಜಿದವನು ನಾನೇ. 'ಎಲ್ಲರೂ ಸೇರಿ ಮಾಡಿದ್ದಲ್ವಾ' ಎಂದು ಊರಿನವರು ಈಗ ಸಮಾಧಾನ ಹೇಳುತ್ತಾರೆ. ಆ ಸಮಾಧಾನ ಅವರೇ ಇಟ್ಟುಕೊಳ್ಳಲಿ. ಕಲ್ಲು ಎತ್ತಿದ್ದು ನನ್ನ ಕೈ.

ನಮ್ಮದು ಪೆರ್ಡೂರಿನಿಂದ ಆಚೆ, ಬಸ್ಸು ತಿರುಗಿಸುವಲ್ಲಿಂದ ಮತ್ತೂ ಮುಕ್ಕಾಲು ಗಂಟೆ ನಡೆಯಬೇಕಾದ ಮೂಲೆ. ಹತ್ತೊಂಬತ್ತು ಮನೆಗಳು, ಹಿಂದೆ ಕಡಂಬಪಾದೆ ಎಂಬ ಗುಡ್ಡೆ, ಗುಡ್ಡೆಯ ನೆತ್ತಿಯ ಕೆಳಗೆ ಬಂಡೆಯ ಸಂದಿನಿಂದ ಬರುವ ಒರತೆ. ಮೇ ತಿಂಗಳಲ್ಲೂ ಬತ್ತದ ಆ ನೀರನ್ನೇ ಎಲ್ಲ ಮನೆಯವರೂ ಕುಡಿಯುವುದು. 2007ರಲ್ಲಿ ಒಬ್ಬ ಕಂಟ್ರಾಕ್ಟರ್ ಅಲ್ಲಿ ಜಲ್ಲಿಯ ಕೋರೆ ಮಾಡಲು ಅರ್ಜಿ ಹಾಕಿದ. 'ಬರೀ ಬಂಡೆ, ನೀರಿನ ಮೂಲ ಇಲ್ಲ' ಎಂದು ಬರೆದಿದ್ದ ಆ ಮಹಾನುಭಾವ. ನೀರು ಉಂಟು ಎಂದು ನಾವು ತೋರಿಸಿದರೆ ಕೋರೆ ಇಲ್ಲ, ತೋರಿಸದಿದ್ದರೆ ನೀರಿಲ್ಲ. ಮಸ್ಕತ್ತಿನಲ್ಲಿ ಹತ್ತು ವರ್ಷ ಪೈಪು ಜೋಡಿಸಿ ಬಂದ ನಾನು, ಸ್ಯಾಮ್ಸನ್, ನಾಲ್ಕು ಭಾಷೆಯಲ್ಲಿ ಜಗಳ ಮಾಡಬಲ್ಲೆ. ಆ ಒಂದೇ ಕಾರಣಕ್ಕೆ ನನ್ನನ್ನು ಮುಂದೆ ನಿಲ್ಲಿಸಿದರು.

ಮರುವರ್ಷ ಫೆಬ್ರವರಿಯ ಒಂದು ಭಾನುವಾರ ಇಗರ್ಜಿಯಿಂದ ಬಂದು ಇನ್ನೂ ಪ್ಯಾಂಟು ಬದಲಿಸಿರಲಿಲ್ಲ, ಪಕ್ಕದ ಮನೆಯ ಹೂವಪ್ಪ ಅಂಗಳದಲ್ಲಿ ನಿಂತಿದ್ದ. ನಮ್ಮಂಥ ಕ್ರಿಶ್ಚಿಯನ್ನರನ್ನು ಇಲ್ಲಿ ಪೊರ್ಬು ಎಂದು ಕರೆಯುವುದು.

"ಪೊರ್ಬುಗಳೇ, ಗುಡ್ಡೆಯಲ್ಲಿ ಒಬ್ಬ ಘಟ್ಟದ ಮೇಲಿನವ ಇದ್ದಾನೆ. ಹೋದ ವಾರವೂ ಬಂದಿದ್ದ. ಒರತೆಯ ಹತ್ತಿರ ಸುತ್ತು ಹಾಕುತ್ತಾ ಇದ್ದಾನೆ."

ನಾಲ್ಕು ಜನ ಹತ್ತಿದೆವು. ಒರತೆಯ ಎದುರು ಒಬ್ಬ ತೆಳ್ಳಗಿನ ಮನುಷ್ಯ ಕುಕ್ಕರಗಾಲಿನಲ್ಲಿ ಕೂತಿದ್ದ. ಉಗುರುಗಳ ಸುತ್ತ ಸಿಮೆಂಟು ಕಚ್ಚಿಕೊಂಡ ಕೈಯಲ್ಲಿ ಮೊಬೈಲು. ಕೋರೆಯ ಕೆಲಸಕ್ಕೆ ನಮ್ಮ ಕಡೆ ಬರುವವರು ಹೆಚ್ಚಾಗಿ ಉತ್ತರ ಕರ್ನಾಟಕದವರು. ಅವನ ಮುಖ ನೋಡುವ ಮೊದಲೇ ಅವನು ಯಾರೆಂದು ನಾನು ತೀರ್ಮಾನ ಮಾಡಿ ಆಗಿತ್ತು.

"ಎಂತ ಮಾಡ್ತಾ ಇದ್ದೀ ಇಲ್ಲಿ?"

ಅವನು ಎದ್ದು ಕೈ ಮುಗಿದ. "ಗುಡ್ಡ ಹೊಡಿಯಾಕ ಬಂದೀನ್ರಿ."

"ಗುಡ್ಡೆ ಹೊಡೆಯಲಿಕ್ಕಾ?"

"ಹೌದ್ರಿ. ಹ್ವಾದ ವಾರ ಸ್ವಲ್ಪ ಹೊಡದಿದ್ದೆ, ಮಂಜ ಬಿದ್ದು ಸರಿ ಆಗ್ಲಿಲ್ಲ. ಇವತ್ತ ಪೂರಾ ಹೊಡದು ಮುಗಸ್ತೀನ್ರಿ."

ಅವರ ಕಡೆ ಫೋಟೋ ಹೊಡೆಯುತ್ತಾರೆ, ನಮ್ಮ ಕಡೆ ಫೋಟೋ ತೆಗೆಯುತ್ತಾರೆ. ನಮ್ಮಲ್ಲಿ ಗುಡ್ಡೆ ಹೊಡೆಯುವುದೆಂದರೆ ಮದ್ದು ಇಟ್ಟು ಒಡೆಯುವುದು. ಇಷ್ಟು ನನಗೆ ಈಗ ಗೊತ್ತು. ಅವತ್ತು ಗೊತ್ತಿರಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ, ಏಕೆಂದರೆ ಅವನು ಮರುಕ್ಷಣವೇ "ಫೋಟೋ ರೀ, ಫೋಟೋ" ಎಂದು ಮೊಬೈಲನ್ನು ನನ್ನ ಮುಂದೆ ಹಿಡಿದ. ನೋಡಿದೆ. ಒರತೆ, ಬಂಡೆ, ಮತ್ತೆ ಒರತೆ, ಇಳಿಜಾರು. ಒಂದರಲ್ಲೂ ಮನುಷ್ಯರ ಮುಖವಿಲ್ಲ. ನಾವು ಮದುವೆಗೆ, ಮಗುವಿನ ನಾಮಕರಣಕ್ಕೆ ಫೋಟೋ ತೆಗೆಸುವವರು. ಕಂಟ್ರಾಕ್ಟರನ ಸರ್ವೆಯವನಲ್ಲದೆ ಬರೀ ಕಲ್ಲಿನ ಫೋಟೋ ಯಾರಿಗೆ ಬೇಕು ಮಾರಾಯ?

ಮೊಬೈಲು ಕಸಿದುಕೊಂಡು ಬಂಡೆಯ ಮೇಲಿಟ್ಟು ಜಜ್ಜಿದೆ. ಮೂರು ಸಲ. ಒಳಗಿನ ಸಣ್ಣ ಕಾರ್ಡೂ ಚೂರಾಯಿತು. ಹೂವಪ್ಪ ಅವನ ಕುತ್ತಿಗೆಗೆ ಕೈ ಹಾಕಿ ಇಳಿಜಾರಿಗೆ ದೂಡಿದ. ಅವನು ಎದ್ದು ಬಂದು ಚೂರುಗಳನ್ನು ಟವೆಲಿಗೆ ಹೆಕ್ಕಿಕೊಳ್ಳಲು ಬಗ್ಗಿದ, ಅದಕ್ಕೂ ನಾನು ಬಿಡಲಿಲ್ಲ. ಮಧ್ಯಾಹ್ನ ಹೆಂಡತಿ ತೆರೆಸಾಳಿಗೆ ಇದನ್ನೆಲ್ಲ ಮೀಸೆ ತಿರುವಿ ಹೇಳಿ ಎರಡು ತಟ್ಟೆ ಊಟ ಮಾಡಿದೆ.

ಏಪ್ರಿಲಿನಲ್ಲಿ ಸ್ಥಳ ತನಿಖೆ ಗೊತ್ತಾಯಿತು. ಅದರ ಹಿಂದಿನ ದಿನ ನಾವೆಲ್ಲ ಮನವಿ ಹಿಡಿದುಕೊಂಡು ಕಾರ್ಕಳಕ್ಕೆ ಹೋಗಿದ್ದೆವು, ಬುದ್ಧಿವಂತರು, ಒಬ್ಬನನ್ನೂ ಕಾವಲಿಗೆ ಬಿಡದೆ. ಬರುವಷ್ಟರಲ್ಲಿ ಕಂಟ್ರಾಕ್ಟರನ ಜೆಸಿಬಿ ಬಂದು ಹೋಗಿತ್ತು. ಮೇಲಿನ ಬಂಡೆಗಳನ್ನು ಕಿತ್ತು ಉರುಳಿಸಿ ಸಂದು ಮುಚ್ಚಿದ್ದರು. ನೀರು ಒಳಗೊಳಗೇ ಎಲ್ಲಿಗೋ ತಿರುಗಿತ್ತು. ರಾತ್ರಿಯಿಡೀ ಹಾರೆ ಹಿಡಿದು ಅಗೆದರೂ ಸಿಗಲಿಲ್ಲ.

ತನಿಖೆಗೆ ಬಂದ ಅಧಿಕಾರಿ ಒಳ್ಳೆಯ ಮನುಷ್ಯ, ಅದೇ ಇನ್ನೂ ಉರಿ. ಒದ್ದೆ ಮಣ್ಣನ್ನು ಬೂಟಿನಲ್ಲಿ ಒತ್ತಿ ನೋಡಿ, "ನೀವು ಹೇಳುವುದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನೀರು ಇತ್ತು ಎನ್ನಲಿಕ್ಕೆ ಒಂದು ಫೋಟೋ ಆದರೂ ಉಂಟಾ? ಹದಿನೈದು ದಿನದೊಳಗೆ ತಂದುಕೊಡಿ, ಅಷ್ಟು ಸಾಕು" ಎಂದರು.

ಹೂವಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಮಣಿಪಾಲದಲ್ಲಿ ಸಾರಣೆ ಕೆಲಸ ಮಾಡುವ ನಮ್ಮೂರಿನ ದೂಮಪ್ಪನಿಗೆ, ನಾವು ವಿಚಾರಿಸಿದಾಗ, ಗುಡ್ಡೆಯಲ್ಲಿ ಫೋಟೋ ತೆಗೆದವನ ಗುರುತು ಹತ್ತಿತು. "ಅವ ಯಂಕಪ್ಪ ಅಲ್ವಾ, ಫೋಟೋದ ಹುಚ್ಚ. ಭಾನುವಾರ ಬಂತೆಂದರೆ ಯಾವುದಾದರೂ ಬಸ್ಸು ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದು ಕಾಡು ಗುಡ್ಡೆಗೆ ನಡೆಯುತ್ತಾನೆ. ಕೋರೆಯ ಕೆಲಸಕ್ಕೆ ಜನ್ಮದಲ್ಲಿ ಹೋದವನಲ್ಲ. ಅವನ ತಮ್ಮ ಕೋರೆಯಲ್ಲೇ ಸತ್ತದ್ದು."

ಬೀಡಿನಗುಡ್ಡೆಯಲ್ಲಿ ಅವನ ಜೋಪಡಿ. ಹೊಸ ಮೊಬೈಲಿನ ಪೆಟ್ಟಿಗೆ ಕೈಯಲ್ಲಿ ಹಿಡಿದು ಹೋದೆ. ಯಂಕಪ್ಪ ಕೆಲಸದಿಂದ ಆಗ ತಾನೇ ಬಂದು ಹೊರಗೆ ಕಾಲು ತೊಳೆಯುತ್ತಿದ್ದ. ನನ್ನನ್ನು ಕಂಡು ಚೊಂಬು ಕೆಳಗಿಟ್ಟ. ಒಳಗೆ ಚಾಪೆಯ ಮೇಲೆ ಗೋಡೆಗೆ ಒರಗಿ ಅವನ ಹೆಂಡತಿ ಹನುಮವ್ವ. ಕುಷ್ಟಗಿ ಕಡೆಯವರು, ಬಂದು ಹತ್ತು ವರ್ಷವಾಯಿತಂತೆ. ಮಣಿಪಾಲದ ಹಾಸ್ಟೆಲ್ ಕಟ್ಟುವಾಗ ಸಾರುವೆಯಿಂದ ಬಿದ್ದು ಅವಳ ಸೊಂಟ ಮುರಿದಿತ್ತು. ಅದೇ ಹಾಸ್ಟೆಲಿನ ಹುಡುಗಿಯೊಬ್ಬಳು ಓದು ಮುಗಿಸಿ ಹೋಗುವಾಗ ತನ್ನ ಹಳೆಯ ಮೊಬೈಲು ಕೊಟ್ಟಿದ್ದಳು. ಅಂದಿನಿಂದ ಭಾನುವಾರ ಸಂಜೆ ಅವನು ಬಂದ ಕೂಡಲೇ ಹನುಮವ್ವ, "ಇವತ್ತ ಎಲ್ಲಿಗಿ ಕರಕೊಂಡ ಹೊಂಟಿ?" ಎಂದು ಕೇಳುವುದು. ಅವನು ತೋರಿಸುವುದು. ಮನುಷ್ಯರಿರುವ ಫೋಟೋ ಬೇಡ ಎಂದವಳು ಅವಳೇ. ಮಂದಿಯನ್ನು ನೋಡಿ ಅವಳಿಗೆ ಸಾಕಾಗಿತ್ತು.

ನಾನು ವಿಷಯ ಹೇಳಿದೆ. ಮೊದಲ ವಾರ ತೆಗೆದದ್ದಾದರೂ ಬೇರೆ ಎಲ್ಲಾದರೂ ಹಾಕಿಟ್ಟದ್ದು ಉಂಟಾ ಎಂದು ಕೇಳಿದೆ.

"ಎಲ್ಲಾ ಅದರಾಗ ಇತ್ರಿ," ಎಂದ ಯಂಕಪ್ಪ.

"ಆ ನೀರೇನ್ರಿ?" ಎಂದಳು ಹನುಮವ್ವ. "ನಾ ನೋಡೀನಲ್ರಿ. ಎರಡ ಬಂಡಿಗಲ್ಲ ನಡುವ ಬರ್ತದ. ಎಡಕ್ಕ ಒಂದ ಗಿಡ ಬಾಗೇದ. ಕೆಳಗ ನಿಮ್ಮೋರ ಯಾರೋ ಕೊಡ ಇಡಾಕ ಮೂರ ಕಲ್ಲ ಇಟ್ಟಾರ."

ಆ ಮೂರು ಕಲ್ಲು ಇಟ್ಟದ್ದು ನನ್ನ ತಾಯಿ.

"ಸಾಹೇಬ್ರ ಮುಂದ ಬೇಕಾದ್ರ ನಾ ಹೇಳ್ತೀನ್ರಿ. ಹೊತ್ತಕೊಂಡ ಹೋಗ್ರಿ ನನ್ನ."

ಸಾಹೇಬರು ಕೇಳಿದ್ದು ಫೋಟೋ, ಬಾಯಿಮಾತಲ್ಲ. ಪೆಟ್ಟಿಗೆಯನ್ನು ಚಾಪೆಯ ಬದಿಯಲ್ಲಿಟ್ಟೆ. ಯಂಕಪ್ಪ ಅದನ್ನು ಎತ್ತಿ ನನ್ನ ಕೈಗೇ ವಾಪಸು ಕೊಟ್ಟ. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ ಹೇಳಿದ.

"ಗುಡ್ಡ ಹೊಡಿಯಾಕ ಬಂದೀನಂತ ನಾ ಅಂದಿದ್ದು ಖರೇ ಐತ್ರಿ. ಆದ್ರ ಹೊಡದವ್ರು ನೀವು."

ಈಗ ದಿನಾ ಮಧ್ಯಾಹ್ನ ಎರಡು ಗಂಟೆಗೆ ಕಡಂಬಪಾದೆಯಲ್ಲಿ ಮದ್ದು ಸಿಡಿಯುತ್ತದೆ. ತೆರೆಸಾ ಎದ್ದು ಟ್ಯಾಂಕರಿನಿಂದ ತುಂಬಿಸಿಟ್ಟ ನೀರಿಗೆ ಧೂಳು ಬೀಳದಂತೆ ಮುಚ್ಚಳ ಹಾಕುತ್ತಾಳೆ.